ಅರವತ್ತು ಮೀಟರ್ ಆಚೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು ಎಂದು ನಾಲ್ಕು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಮಣ್ಣು ಅಗೆಯುವ ಮಿನಿ ಎಕ್ಸ್‌ಕವೇಟರಿಗೆ ಒಂದು ಬ್ರಷ್ ಕಟರ್ ಆರಿಸಬೇಕು, ವಿಷಯ ಇಷ್ಟೇ. ಪ್ರೇಮ, ಮರಣ, ಕ್ರಾಂತಿ ಎಲ್ಲವನ್ನೂ ಬೇರೆ ಲೇಖಕರು ಮೊದಲೇ ಹಂಚಿಕೊಂಡುಬಿಟ್ಟಿದ್ದರು, ನನ್ನ ಪಾಲಿಗೆ ಬಂದದ್ದು ಪೊದೆ ಕತ್ತರಿಸುವ ಯಂತ್ರ. (ನಗಬೇಡಿ. ನೀವಾಗಲೇ ಮೂರು ಸಾಲು ಓದಿದ್ದೀರಿ.)

ಮೊದಲ ಕರಡು ಹೀಗಿತ್ತು: 'ಎಳೆಬಿಸಿಲಿನಲ್ಲಿ ಹಳದಿ ಯಂತ್ರವು ದೈತ್ಯನಂತೆ ನಿಂತಿತ್ತು.' ಹರಿದು ಹಾಕಿದೆ. ಮೂರು ಟನ್ನಿನ ಗಾಡಿ ದೈತ್ಯನೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ಗೇಟಿನಲ್ಲಿ ನುಸುಳಿ ಹಿತ್ತಿಲಿಗೆ ಹೋಗುತ್ತದೆ, ಅದರ ಹೆಚ್ಚುಗಾರಿಕೆಯೇ ಅದು.

ಎರಡನೇ ಕರಡಿನಲ್ಲಿ ನನ್ನ ಪಾತ್ರಗಳು ಅಂಗಡಿಗೆ ಹೋಗಿ, ಇದ್ದುದರಲ್ಲೇ ಅತಿ ದೊಡ್ಡ ಕಟರ್ ಕೊಂಡು ಖುಷಿಯಾಗಿ ವಾಪಸ್ ಬಂದವು. ಅದನ್ನು ಓದಿದ ಕಥಾನಾಯಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸಾರ್, ನೀವು ಯಾವತ್ತಾದ್ರೂ ಇಂಥ ಗಾಡಿ ಹತ್ತಿ ಕೂತಿದ್ದೀರಾ?"

ಇಲ್ಲ ಎಂದೆ.

"ಗೊತ್ತಾಗುತ್ತೆ. ಅಷ್ಟು ತೂಕದ್ದನ್ನ ಗಾಡಿ ಕೈಗೆ ಕಟ್ಟಿ ಮುಂದಕ್ಕೆ ಚಾಚಿದ್ರೆ, ಗಾಡಿನೇ ಮುಗ್ಗರಿಸುತ್ತೆ. ಕಟರ್ ತಿರುಗಿಸೋಕೆ ನಮ್ಮದು ನಿಮಿಷಕ್ಕೆ ನಲವತ್ತು ಲೀಟರ್ ಆಯಿಲ್ ತಳ್ಳುತ್ತೆ. ನೀವು ಕೊಡಿಸಿರೋ ಕಟರ್ ಎಂಬತ್ತು ಕೇಳುತ್ತೆ. ಅದು ತಿರುಗಲ್ಲ, ತೂಕಡಿಸುತ್ತೆ."

ಆಮೇಲೆ ಮೂರನೇ ಪೈಪಿನ ಬಗ್ಗೆ ಗೊತ್ತೇ ಎಂದು ಕೇಳಿದಳು. ಗೊತ್ತು ಎಂಬಂತೆ ತಲೆಯಾಡಿಸಿದೆ. (ಗೊತ್ತಿರಲಿಲ್ಲ. ಆಯಿಲ್ ಹೋಗಲು ಒಂದು ಪೈಪು, ಬರಲು ಒಂದು. ಮೋಟರಿನ ಒಳಗೆ ಸೋರಿದ್ದನ್ನು ಟ್ಯಾಂಕಿಗೆ ಹಿಂದಿರುಗಿಸಲು ಮೂರನೆಯ ಸಣ್ಣ ಪೈಪು. ಅದನ್ನು ಜೋಡಿಸದಿದ್ದರೆ ಮೋಟರಿನ ಸೀಲ್ ಒಡೆದುಹೋಗುತ್ತದೆ. ಈಗ ನಾವಿಬ್ಬರೂ ಪಂಡಿತರು.)

೨

ಪರಿಚಯ ಮಾಡಿಸುವುದನ್ನೇ ಮರೆತೆ. ಅವಳನ್ನು ಎಲ್ಲರೂ ಕರೆಯುವುದು ಡ್ರೈವರಮ್ಮ ಎಂದು. ಅವಳ ಗಂಡ ಬೆರಳಣ್ಣ.

ಹನ್ನೆರಡು ವರ್ಷದಿಂದ ಇವರ ಕೆಲಸದ ಪದ್ಧತಿ ಒಂದೇ. ಅವಳು ಕ್ಯಾಬಿನ್ನಿನಲ್ಲಿ, ಅವನು ಹದಿನೈದು ಅಡಿ ಮುಂದೆ, ಸ್ವಲ್ಪ ಬಲಕ್ಕೆ. ತೋರುಬೆರಳು ಎತ್ತಿದರೆ ಶುರು. ಮುಷ್ಟಿ ಹಿಡಿದರೆ ನಿಲ್ಲು. ಎರಡು ಬೆರಳು ಮಡಿಸಿದರೆ ಕೆಳಗೆ ನೀರಿನ ಪೈಪಿದೆ, ಮೆಲ್ಲಗೆ. ಇಂಥ ಸನ್ನೆಗಳು ಒಟ್ಟು ಮೂವತ್ತೆಂಟು ಎಂದು ನಾನು ಬರೆದಿದ್ದೆ. ನಲವತ್ತೊಂದು ಎಂದು ಡ್ರೈವರಮ್ಮ ತಿದ್ದಿದಳು. ಬೆರಳಣ್ಣನ ಸನ್ನೆ ಇಲ್ಲದೆ ಅವಳು ಲಿವರ್ ಮುಟ್ಟಿದವಳಲ್ಲ.

ಮನೆಯಲ್ಲಿ ಅವರ ನಡುವೆ ಮಾತು ಕಡಿಮೆ. ಜಗಳವೇನಿಲ್ಲ, ಅಗತ್ಯ ಬೀಳುವುದಿಲ್ಲ ಅಷ್ಟೆ. ಊಟಕ್ಕೆ ಕೂತಾಗ ಅವನು ಒಂದು ಬೆರಳು ಎತ್ತಿದರೆ ನೀರು ಬರುತ್ತದೆ ಎಂದು ನಾನೇ ಕಲ್ಪಿಸಿ ಸೇರಿಸಿದೆ. ನೀರಿಗೆ ಎರಡು ಬೆರಳು, ಒಂದು ಬೆರಳು ಉಪ್ಪಿಗೆ ಎಂದು ಬೆರಳಣ್ಣ ಗಂಭೀರವಾಗಿ ಹೇಳಿದ.

ಈಗ ಅವರಿಗೆ ಮೂರು ಕಿಲೋಮೀಟರ್ ಕಾಲುವೆ ದಂಡೆಯ ಮುಳ್ಳುಪೊದೆ ತೆಗೆಯುವ ಕೆಲಸ ಸಿಕ್ಕಿದೆ. ಗಾಡಿಯ ಮಣ್ಣು ತೋಡುವ ಬಕೆಟ್‌ನಿಂದ ಕಿತ್ತರೆ ಪೊದೆಯ ಜೊತೆ ಬೇರು, ಬೇರಿನ ಜೊತೆ ಅರ್ಧ ದಂಡೆಯೇ ಬರುತ್ತದೆ. ಕೀಳಬಾರದು, ಕತ್ತರಿಸಬೇಕು. ಅದಕ್ಕೇ ಕಟರ್.

೩

ಅಂಗಡಿಯಲ್ಲಿ ಇವರ ಗಾಡಿಗೆ ಹೊಂದುವಂಥವು ಎರಡೇ ಇದ್ದವು. ಒಂದು ದಪ್ಪ ಉಕ್ಕಿನ ತಟ್ಟೆಗೆ ಮೂರು ಬ್ಲೇಡ್ ಕೂರಿಸಿದ್ದು. ತೋಳಿನ ಗಾತ್ರದ ಕಾಂಡವನ್ನೂ ಸರ್ರನೆ ಕತ್ತರಿಸುತ್ತದೆ, ಹತ್ತು ದಿನದಲ್ಲಿ ಕೆಲಸ ಮುಗಿಯುತ್ತದೆ. ಇನ್ನೊಂದು ಸುತ್ತಲೂ ಸುತ್ತಿಗೆಯಂಥ ಹಲ್ಲುಗಳಿರುವ ರೋಲರ್. ಪೊದೆಯನ್ನು ಪುಡಿ ಮಾಡುತ್ತದೆ, ಆದರೆ ನಿಧಾನ. ದಪ್ಪ ಕಾಂಡ ಸಿಕ್ಕರೆ ಎರಡೆರಡು ಸಲ ಅಗಿಯಬೇಕು, ಹದಿನೆಂಟು ದಿನವಾದರೂ ಬೇಕು.

ಅಂಗಡಿಯವನು ತೂಕ ಹೇಳಿದ, ಆಯಿಲಿನ ಲೆಕ್ಕ ಹೇಳಿದ, ಕಟರನ್ನು ಗಾಡಿಗೆ ಕೂರಿಸುವ ಪಿನ್ನಿನ ಅಳತೆ ತೋರಿಸಿದ. ಕಡೆಗೆ ಪುಸ್ತಿಕೆಯ ಹಿಂದಿನ ಪುಟ ತೆಗೆದು, ಕಟರ್ ಓಡುವಾಗ ತಟ್ಟೆಯದಕ್ಕೆ ನೂರು ಮೀಟರ್ ಒಳಗೆ ಯಾರೂ ಇರಕೂಡದು, ರೋಲರಿನದಕ್ಕೆ ಅರವತ್ತು ಎಂದು ಓದಿದ. ಸಿಡಿದ ಕಲ್ಲು ಅಷ್ಟು ದೂರ ಹಾರುತ್ತದಂತೆ.

ಅದುವರೆಗೆ ಸುಮ್ಮನಿದ್ದ ಬೆರಳಣ್ಣ ಬಾಯಿ ತೆರೆದ.

"ಮುಂದೆ ನಿಂತ್ಕೊಳ್ಳೋರು ಏನು ಮಾಡ್ಬೇಕು?"

"ಮುಂದೆ ಯಾರೂ ನಿಂತ್ಕೊಳ್ಳೋ ಹಾಗಿಲ್ಲ."

ಬೆರಳಣ್ಣ ಎರಡೂ ಕೈ ಜೇಬಿಗೆ ಹಾಕಿಕೊಂಡ. ಅವನ ಕೈಗಳನ್ನು ಜೇಬಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಕಟರ್ ಆರಿಸುವ ತಮಾಷೆಯ ಕಥೆ ಎಂದು ಹೊರಟವನಿಗೆ, ಇಲ್ಲೊಬ್ಬ ಮನುಷ್ಯ ತನ್ನ ಹೆಂಡತಿಯ ಎದುರಿನ ಜಾಗ ಕಳೆದುಕೊಳ್ಳುತ್ತಿದ್ದಾನೆ ಎಂಬುದು ಆಗಲೇ ಹೊಳೆದದ್ದು.

ಡ್ರೈವರಮ್ಮನನ್ನು ಪಕ್ಕಕ್ಕೆ ಕರೆದೆ. ಲೇಖಕ ನಾನೇ ಅಲ್ಲವೇ, ಪುಸ್ತಿಕೆಯಲ್ಲಿ ಅರವತ್ತನ್ನು ಆರು ಮಾಡಿಬಿಡುತ್ತೇನೆ ಎಂದೆ.

"ಮಾಡಿ. ಆದ್ರೆ ಕಲ್ಲಿಗೆ ನಿಮ್ಮ ಕಥೆ ಓದೋಕೆ ಬರುತ್ತಾ?"

೫

(ನಾಲ್ಕನೆಯ ಭಾಗ ಕೈಬಿಟ್ಟೆ. ಅದರಲ್ಲಿ ಇಬ್ಬರೂ ಅತ್ತಿದ್ದರು. ಇಬ್ಬರೂ ಆಕ್ಷೇಪಿಸಿದರು.)

ಅಂಗಡಿಯ ಹಿಂದಿನ ಬಯಲಿನಲ್ಲಿ ಪರೀಕ್ಷೆ. ಲಾರಿಯಲ್ಲಿ ತಂದಿದ್ದ ಇವರ ಗಾಡಿಗೇ ತಟ್ಟೆಯ ಕಟರ್ ಜೋಡಿಸಿದರು. ಬೆರಳಣ್ಣ, ಅಂಗಡಿಯವನು, ನಾನು ದೂರದ ಬೇಲಿಯಾಚೆ ನಿಂತೆವು. ಡ್ರೈವರಮ್ಮ ಎಂಜಿನ್ ಶುರು ಮಾಡಿದಳು.

ಏನೂ ಆಗಲಿಲ್ಲ. ಒಂದು ನಿಮಿಷವಾಯಿತು, ಎರಡಾಯಿತು. ಎಂಜಿನ್ ಗುರುಗುಟ್ಟುತ್ತಿತ್ತು, ಕಟರ್ ಅಲ್ಲಾಡಲಿಲ್ಲ. ಅಂಗಡಿಯವನು ಎಂಜಿನ್ ನಿಲ್ಲಿಸುವಂತೆ ಕೂಗುತ್ತ ಓಡಿಹೋಗಿ ಮೂರೂ ಪೈಪು ಅಲ್ಲಾಡಿಸಿ ನೋಡಿದ, ಆಯಿಲ್ ನೋಡಿದ, ಬಗ್ಗಿ ಕಟರಿನ ಅಡಿಯನ್ನೂ ನೋಡಿದ. ಎಲ್ಲ ಸರಿಯಾಗಿತ್ತು. ಏನು ತೊಂದರೆ ಎಂದು ಅವಳನ್ನೇ ಕೇಳಿದ.

"ನಾನು ರೆಡಿ ಇದ್ದೀನಲ್ಲ," ಎಂದಳು ಅವಳು.

ಹಾಗೆಂದ ಮೇಲೆ ಅವಳಿಗೇ ಅರ್ಥವಾಯಿತು. ಇಷ್ಟು ಹೊತ್ತೂ ಅವಳು ಹದಿನೈದು ಅಡಿ ಮುಂದಿನ ಖಾಲಿ ಜಾಗವನ್ನು ನೋಡುತ್ತ, ಒಂದು ಬೆರಳಿಗಾಗಿ ಕಾಯುತ್ತಿದ್ದಳು. ಕಿವಿಯವರೆಗೂ ಕೆಂಪಾದಳು.

ಬೆರಳಣ್ಣನಿಗೆ ಇದು ಮೊದಲ ನಿಮಿಷದಲ್ಲೇ ತಿಳಿದಿತ್ತು. ಗೊತ್ತಿದ್ದೂ ಕೈ ಯಾಕೆ ಎತ್ತಲಿಲ್ಲ ಎಂದು ಕೇಳಿದೆ. ಅವನು ಬೇಲಿಯ ತಂತಿ ನೋಡುತ್ತ ನಿಂತ.

"ಎತ್ತಿ, ಅವಳಿಗೆ ಕಾಣಿಸ್ದೇ ಹೋದ್ರೆ?"

ಅಂತ್ಯ: ಒಂದು

ತಟ್ಟೆಯ ಕಟರ್ ಕೊಂಡರು. ಬೆರಳಣ್ಣ ಮನೆಯಲ್ಲಿ ಆರಾಮಾಗಿ ಕೂತ. ಡ್ರೈವರಮ್ಮ ಇದನ್ನು ಸಾರಾಸಗಟು ತಿರಸ್ಕರಿಸಿದಳು. ಇವರನ್ನು ಮನೆಯಲ್ಲಿ ಕೂರಿಸಿದರೆ ಕಿಟಕಿ ಬಾಗಿಲಿಗೆಲ್ಲ ಸನ್ನೆ ಮಾಡಿಕೊಂಡಿರುತ್ತಾರೆ ಎಂದಳು.

ಅಂತ್ಯ: ಎರಡು

ಇಬ್ಬರ ಕಿವಿಗೂ ವಯರ್‌ಲೆಸ್. ಈ ಐಡಿಯಾ ಹೊಳೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹಾಕಿಕೊಂಡು ನೋಡಿದರು. ಅವನು ಹಲೋ ಎಂದ. ಅವಳೂ ಹಲೋ ಎಂದಳು. ಆಮೇಲೆ ಇಬ್ಬರಿಗೂ ಏನು ಹೇಳಬೇಕೋ ತೋಚಲಿಲ್ಲ.

"ಬೇಡ ಸಾರ್," ಎಂದು ಅವಳು ಅದನ್ನು ಕಳಚಿಟ್ಟಳು. "ಇವರ ದನಿ ಹೀಗೆ ಕಿವಿಯೊಳಗೆ ಬಂದ್ರೆ, ಯಾರೋ ಬೇರೆಯವರು ಅನ್ಸುತ್ತೆ. ಕೈ ಓಡಲ್ಲ."

ಅಂತ್ಯ: ಮೂರು (ಇದನ್ನು ನಾನು ಬರೆಯಲಿಲ್ಲ, ಅವಳೇ ಬರೆಸಿದಳು)

ಡ್ರೈವರಮ್ಮ ಗಾಡಿಯಿಂದಿಳಿದು ರೋಲರ್ ಕೊಡಿ ಎಂದಳು. ದಂಡೆಯ ಪಕ್ಕ ರಸ್ತೆ ಇದೆ, ಕಲ್ಲು ಕಡಿಮೆ ಹಾರಿದಷ್ಟೂ ಒಳ್ಳೆಯದು ಎಂದು ಅಂಗಡಿಯವನಿಗೆ ಕಾರಣ ಕೊಟ್ಟಳು. ಒಳ್ಳೆಯ ಕಾರಣವೇ. ಎಂಟು ದಿನ ಹೆಚ್ಚು ಹಿಡಿಯುತ್ತದಲ್ಲ ಎಂದು ನಾನು ನೆನಪಿಸಿದೆ.

"ನೂರು ಹೋಗಿ ಅರವತ್ತು ಸಾಕಾಗುತ್ತೆ, ನಲವತ್ತು ಮೀಟರ್ ಹತ್ತಿರ ಆಗುತ್ತಲ್ಲ," ಎಂದಳು ಮೆಲ್ಲಗೆ, ಬೆರಳಣ್ಣನಿಗೆ ಕೇಳಿಸದ ಹಾಗೆ.

೬

ದಂಡೆಯ ಮೇಲೆ ಮೊದಲ ದಿನ. ಬೆರಳಣ್ಣ ಬೆಳಿಗ್ಗೆಯೇ ಪೊದೆಗಳ ಬುಡದಲ್ಲಿ ನಡೆದು, ಕಲ್ಲು, ತಂತಿ, ಮುರಿದ ಕುರ್ಚಿಯ ಕಾಲು ಎಲ್ಲ ಆಯ್ದು ಹಾಕಿದ. ಆಮೇಲೆ ಟೇಪು ಹಿಡಿದು ಅರವತ್ತು ಮೀಟರ್ ಅಳೆದು, ಇರಲಿ ಎಂದು ಇನ್ನೂ ಐದು ಸೇರಿಸಿ, ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ. ಅಷ್ಟು ದೂರಕ್ಕೆ ಬೆರಳು ಕಾಣುವುದಿಲ್ಲ. ಹಾಗಾಗಿ ಹಿಂದಿನ ದಿನವೆಲ್ಲ ಕೂತು ಸನ್ನೆಗಳನ್ನು ದೊಡ್ಡದು ಮಾಡಿದ್ದ. ಬೆರಳಿದ್ದಲ್ಲಿ ಈಗ ಇಡೀ ತೋಳು, ಮುಷ್ಟಿಯಿದ್ದಲ್ಲಿ ಎದೆಯ ಮೇಲೆ ಅಡ್ಡಡ್ಡ ಎರಡೂ ಕೈ. ಅವನ ಅಭ್ಯಾಸ ಕಂಡು ರಸ್ತೆಯಲ್ಲಿ ಸೈಕಲ್ ನಿಲ್ಲಿಸಿದ ಒಬ್ಬರು, ಆ ಮನುಷ್ಯನಿಗೆ ಜೇನುಹುಳ ಮುತ್ತಿವೆಯೇ ಎಂದು ನನ್ನನ್ನು ಕೇಳಿ ಮುಂದೆ ಹೋದರು.

ಕೊನೆಯ ದೃಶ್ಯವನ್ನು ಕಣ್ಣಾರೆ ನೋಡಿಯೇ ಬರೆಯೋಣ ಎಂದು ನಾನು ನೋಟ್‌ಬುಕ್ ಹಿಡಿದು ಗಾಡಿಯ ಪಕ್ಕ ನಿಂತೆ. ಡ್ರೈವರಮ್ಮ ಎಂಜಿನ್ ಆಫ್ ಮಾಡಿದಳು.

"ಸಾರ್, ಕಥೆ ಬರೆಯೋರಿಗೂ ಲೆಕ್ಕ ಒಂದೇ. ಆಚೆ ಹೋಗಿ."

ಹೋದೆ. ಓದುಗರೇ, ನೀವೂ ಗಾಡಿಯ ಹಿಂದೆ ಅರವತ್ತು ಮೀಟರ್ ಆಚೆ ಬನ್ನಿ, ಅಲ್ಲಿ ನಿಲ್ಲಬೇಡಿ. ಇಲ್ಲಿಂದ ಕಂಡಷ್ಟೇ ಇನ್ನು ಕಥೆ.

ಎಂಜಿನ್ ಶುರುವಾಯಿತು. ಕಟರ್ ಅಲ್ಲಾಡಲಿಲ್ಲ. ಕೆಂಪು ಬಟ್ಟೆಯ ಪಕ್ಕ ಬೆರಳಣ್ಣ ಒಂದು ಕ್ಷಣ ಹಾಗೇ ನಿಂತಿದ್ದು, ಬಲಗೈಯನ್ನು ಪೂರ್ತಿ ಮೇಲೆತ್ತಿದ. ರೋಲರ್ ತಿರುಗಿತು. ಧೂಳೆದ್ದು ಮೊದಲ ಪೊದೆ ಪುಡಿಯಾಯಿತು.

ಮಧ್ಯಾಹ್ನ ಎಂಜಿನ್ ನಿಂತಾಗ ಅವನು ಎರಡೂ ಕೈಯನ್ನು ತಲೆಯ ಮೇಲೆ ಜೋಡಿಸಿ, ನಿಧಾನವಾಗಿ ಅಗಲಿಸಿ ಕೆಳಗಿಳಿಸಿದ. ಈ ಸನ್ನೆ ನನ್ನ ಪಟ್ಟಿಯಲ್ಲಿರಲಿಲ್ಲ. ಕ್ಯಾಬಿನ್ನಿನ ಕಿಟಕಿಯಿಂದ ಒಂದು ಕೈ ಹೊರಬಂದು ಏನೋ ಮಾಡಿ ಒಳಹೋಯಿತು. ದೂರದಲ್ಲಿ ಅವನ ಭುಜ ಕುಲುಕಿತು, ನಗುತ್ತಿದ್ದನೇನೋ.

ಊಟದ ಹೊತ್ತಿಗೆ ಅವಳ ಬಳಿ ಓಡಿಹೋದೆ. ಅದು ಎಷ್ಟನೇ ಸನ್ನೆ, ಅರ್ಥವೇನು, ಕಥೆ ಅದರ ಮೇಲೇ ಮುಗಿಯಬೇಕಾಗಿದೆ ಎಂದು ಗೋಗರೆದೆ.

"ಅದು ನಿಮಗೆ ಮಾಡಿದ್ದಲ್ಲ ಸಾರ್."

ಡಬ್ಬಿ ಮುಚ್ಚಿ ಕ್ಯಾಬಿನ್ ಹತ್ತಿದಳು. ನಾನು ಮತ್ತೆ ಅರವತ್ತು ಮೀಟರ್ ನಡೆಯತೊಡಗಿದೆ. ದಂಡೆ ಇನ್ನೂ ಬಹಳ ಉದ್ದವಿತ್ತು. ಬೆರಳಣ್ಣ ಕೋಲನ್ನು ಕಿತ್ತು ಮುಂದಿನ ಜಾಗದಲ್ಲಿ ನೆಡುತ್ತಿದ್ದ.