ಎದುರು ಕೂತ ನಾಲ್ಕು ತಿಂಗಳು

ಮಿಲ್ಲಿನ ಗೇಟಿಗೆ ಬೀಗ ಬಿದ್ದು ಎಂಟು ದಿನ ಕಳೆದರೂ ಜೋರಪ್ಪ ಮನೆಯೊಳಗೆ ಕೂಗಿಕೊಂಡೇ ಮಾತಾಡುತ್ತಿದ್ದ. ಇಪ್ಪತ್ತಾರು ವರ್ಷ ಮಗ್ಗಗಳ ಶೆಡ್ಡಿನಲ್ಲಿ ದುಡಿದು ಕಿವಿ ಮಂದವಾದವನ ಗಂಟಲು ಅದು. ಉಪ್ಪು ಕೇಳಿದರೂ ಮನೆಗೆ ಬೆಂಕಿ ಬಿದ್ದಿದೆಯೇನೋ ಅನ್ನಿಸುತ್ತಿತ್ತು. ಮದುವೆಯ ಹೊಸತರಲ್ಲಿ ನಾದಿನಿಯರು ತಮಾಷೆಗೆ ಇಟ್ಟ ಈ ಹೆಸರು ಬರಬರುತ್ತಾ ಇಡೀ ಬೀದಿಯ ಬಾಯಲ್ಲಿ ಕಾಯಂ ಆಗಿತ್ತು.

"ರೀ, ನಾನಿಲ್ಲೇ ಇದೀನಿ, ಆಚೆ ದಡದಲ್ಲಿಲ್ಲ," ಎಂದಳು ಹೆಂಡತಿ, ಚಪ್ಪಲಿ ಮೆಟ್ಟುತ್ತಾ. ಅವಳು ಬೆಳಕು ಹರಿಯುವ ಮೊದಲೇ ಬೇಕರಿಗೆ ಹೊರಡುತ್ತಿದ್ದಳು. ಗಂಡನ ಕೆಲಸ ಹೋದ ವಾರವೇ ಅಲ್ಲಿ ಎರಡನೇ ಪಾಳಿಯನ್ನೂ ಒಪ್ಪಿಕೊಂಡಿದ್ದಳು. ಒಲೆಯಿಂದ ಬಿಸಿ ತಟ್ಟೆಗಳನ್ನು ಎಳೆಯುವುದು, ಆರಿದ ಬ್ರೆಡ್ಡನ್ನು ಕಾಗದದಲ್ಲಿ ಕಟ್ಟುವುದು. "ಹಾಲು ಕಾಸಿಟ್ಟಿದೀನಿ. ಅತ್ತೆಗೆ ಬ್ರೆಡ್ಡು ನೆನೆಸಿ ತಿನ್ನಿಸಿ. ಅವಸರ ಮಾಡ್ಬೇಡಿ, ಗಂಟಲಲ್ಲಿ ಸಿಕ್ಕುತ್ತೆ."

ಅವಳು ಹೋದ ಮೇಲೆ ಮೇಸ್ತ್ರಿ ಬಂದ. ಶೆಡ್ಡಿನಲ್ಲಿ ಇಬ್ಬರೂ ಎದುರುಬದುರು ಸಾಲಿನವರು. ಈಗ ಇಬ್ಬರೂ ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತರು. ಗೇಟು ಮುಚ್ಚಿದ ದಿನ ಇಸ್ತ್ರಿ ಅಂಗಿಯ ಒಬ್ಬಾತ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಕೆಲಸ ಹೋದದ್ದರಲ್ಲೂ ಒಳ್ಳೆಯದೊಂದು ಇರುತ್ತದೆ, ಅದನ್ನು ಹುಡುಕಿಕೊಳ್ಳಿ ಎಂದು ಅರ್ಧ ಗಂಟೆ ಉಪದೇಶ ಮಾಡಿದ್ದ. ಮೇಸ್ತ್ರಿಗೆ ಅದಿನ್ನೂ ಜೀರ್ಣವಾಗಿರಲಿಲ್ಲ.

"ಸಿಕ್ತೇನೋ, ಒಳ್ಳೇದು?"

"ಮನೆಯೆಲ್ಲ ಹುಡುಕ್ದೆ. ಮಂಚದ ಕೆಳಗೊಂದು ಬಾಕಿ ಇದೆ," ಎಂದ ಜೋರಪ್ಪ. ಇಬ್ಬರೂ ನಕ್ಕರು.

ಮಂಚ ಅಂದರೆ ಅಮ್ಮನ ಮಂಚ. ಎರಡು ವರ್ಷದ ಹಿಂದೆ ಅವಳ ಗಂಟಲಲ್ಲಿ ಗಡ್ಡೆ ಕಂಡು, ಡಾಕ್ಟರು ಅದರ ಜೊತೆಗೆ ದನಿಯ ಪೆಟ್ಟಿಗೆಯನ್ನೂ ತೆಗೆದುಹಾಕಿದ್ದರು. ಕೊರಳಲ್ಲಿ ಉಸಿರಾಡಲೊಂದು ತೂತು, ಅದರ ಮೇಲೆ ತೆಳು ಬಟ್ಟೆ. ಒಂದು ಕಾಲಕ್ಕೆ ಆ ಕೊರಳು ಬೀದಿಯನ್ನೇ ಕೂರಿಸಿಕೊಂಡಿದ್ದ ಕೊರಳು. ಅಮ್ಮ ಅಕ್ಷರ ಕಲಿತವಳಲ್ಲ, ಕಿವಿಯಲ್ಲೇ ಕಲಿತವಳು. ಅವಳ ತಾಯಿ ಹೇಳಿಕೊಟ್ಟ ನೂರಾರು ಪದ್ಯಗಳು ಒಂದೂ ಮಾಸದೆ ಅವಳಲ್ಲಿದ್ದವು. ಪಾತ್ರೆ ಬೆಳಗುವಾಗ ಒಂದು, ಮಗನ ತಲೆ ಬಾಚುವಾಗ ಒಂದು. ಸಂಜೆ ಅಕ್ಕಪಕ್ಕದವರು ಮೆಟ್ಟಿಲ ಮೇಲೆ ಕೂತು, ಕೇಳಿದ್ದನ್ನೇ ಮತ್ತೆ ಕೇಳಿ, ಕಣ್ಣೊರೆಸಿಕೊಂಡು ಏಳುತ್ತಿದ್ದರು.

ಆಪರೇಷನ್ ಆದ ಮೊದಲ ತಿಂಗಳು ಎಲ್ಲರೂ ಒದ್ದಾಡಿದರು. ನೀರಿಗೊಂದು ಸನ್ನೆ, ಬಚ್ಚಲಿಗೊಂದು ಸನ್ನೆ. ಅಷ್ಟರಲ್ಲೇ ಸಂಸಾರ ಸಾಗಿತು. ಆಮೇಲೆ ಅಮ್ಮನ ತುಟಿ ಬೆಳಗಿನಿಂದ ಸಂಜೆಯವರೆಗೆ ತನ್ನಷ್ಟಕ್ಕೆ ಆಡುತ್ತಿದ್ದುದನ್ನು ಕಂಡು, ಮೇಲಿನ ಮನೆಯ ಟೀಚರಮ್ಮ ತೀರ್ಪು ಕೊಟ್ಟರು: "ಜಪ ಮಾಡ್ತಿದಾರೆ. ಪುಣ್ಯವಂತೆ ಕಣಮ್ಮ ನಿಮ್ಮತ್ತೆ." ಅಂದಿನಿಂದ ಅವರು ಹೊರಗೆ ಹೋಗುವಾಗಲೆಲ್ಲ ಅಮ್ಮನ ಬಾಗಿಲಲ್ಲಿ ಕೈ ಮುಗಿದು ನಿಂತೇ ಹೋಗುವುದು. ಮನೆಯವರೂ ಆ ಕೋಣೆಯ ಮುಂದೆ ಮೆಲ್ಲಗೆ ನಡೆಯತೊಡಗಿದರು.

ಜೋರಪ್ಪನೂ ಹಾಗೇ ಅಂದುಕೊಂಡಿದ್ದ. ಕತ್ತಲಲ್ಲಿ ಎದ್ದು ಹೋಗಿ ಕತ್ತಲಲ್ಲಿ ಬರುತ್ತಿದ್ದ. ರಜೆಯ ದಿನ ಹೆಣದಂತೆ ಮಲಗುತ್ತಿದ್ದ. ಬಾಗಿಲಲ್ಲಿ ನಿಂತು "ಹೇಗಿದೀಯಮ್ಮ" ಎಂದು ಕೂಗಿ, ಅವಳು ತಲೆಯಾಡಿಸಿದರೆ ಮುಂದೆ ಹೋಗುತ್ತಿದ್ದ.

ಮೇಸ್ತ್ರಿ ಎದ್ದು ಹೋದ ಮೇಲೆ ಅವನು ಹಾಲಿನ ಬಟ್ಟಲು ಹಿಡಿದು ಒಳಗೆ ಬಂದ. ಕೋಣೆ ಮಬ್ಬಾಗಿತ್ತು. ಚಮಚ ಬಾಯಿಗೋ ಗಲ್ಲಕ್ಕೋ ಕಾಣಬೇಕಲ್ಲ ಎಂದು ಮಂಚವನ್ನು ಕಿಟಕಿಯ ಹತ್ತಿರ ಎಳೆದ. ಸ್ಟೂಲು ಹಾಕಿಕೊಂಡು ಎದುರಿಗೆ ಕೂತ. ಬೆಳಗಿನ ಬಿಸಿಲು ಅಮ್ಮನ ಮುಖದ ಮೇಲೆ ನೇರ ಬಿದ್ದಿತ್ತು. ತುಟಿ ಎಂದಿನಂತೆ ಆಡುತ್ತಿತ್ತು. ಅದು ನಿಂತಾಗ ಚಮಚ ಇಡೋಣವೆಂದು ಅವನು ಆ ತುಟಿಯನ್ನೇ ನೋಡುತ್ತಿದ್ದ.

'ಈ ಗಡಿಯಾರ ಹನ್ನೆರಡು ನಿಮಿಷ ಹಿಂದಿದೆ. ಹೇಳಿ ಹೇಳಿ ಸಾಕಾಯ್ತು.'

ಮಗ್ಗಗಳ ಶೆಡ್ಡಿನಲ್ಲಿ ದನಿಗೆ ಜಾಗವಿಲ್ಲ. ಇನ್ನೂರು ಲಾಳಿಗಳು ಒಟ್ಟಿಗೆ ಬಡಿಯುವ ಕಡೆ, ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳದು. ಅಲ್ಲಿಯವರು ಮಾತನ್ನು ಕಣ್ಣಿನಿಂದ ಕೇಳುತ್ತಾರೆ. ಹೊಸಬನಿಗೆ ಒಂದು ವರ್ಷ ಬೇಕು. ಪ, ಬ, ಮ ಮೂರಕ್ಕೂ ತುಟಿ ಮುಚ್ಚುವುದು ಒಂದೇ ರೀತಿ, ಮಾತಿನ ಓಟದಿಂದಲೇ ಯಾವುದೆಂದು ಹಿಡಿಯಬೇಕು. ಆಮೇಲೆ ಜಗಳ, ತಮಾಷೆ, ಮಗಳ ಮದುವೆಯ ಮಾತುಕತೆ, ಎಲ್ಲ ಅಲ್ಲೇ, ಶೆಡ್ಡಿನ ಈ ತುದಿಯಿಂದ ಆ ತುದಿಗೆ, ಒಂದು ಸದ್ದೂ ಇಲ್ಲದೆ. ಜೋರಪ್ಪ ಅದರಲ್ಲಿ ಪಳಗಿದ ಕೈ.

ಅವನು ತಿರುಗಿ ಗೋಡೆ ನೋಡಿದ. ತನ್ನ ಕೈಗಡಿಯಾರ ನೋಡಿಕೊಂಡ. ಎದ್ದು ಹೋಗಿ ಮುಳ್ಳನ್ನು ಮುಂದಕ್ಕೆ ತಿರುಗಿಸಿ ಬಂದು ಕೂತ.

'ಯಾಕೆ ತಿರುಗಿಸ್ದೆ?' ಎಂದಿತು ತುಟಿ.

"ನೀನೇ ಅಂದ್ಯಲ್ಲಮ್ಮ, ಹಿಂದಿದೆ ಅಂತ."

ಅಮ್ಮ ಅವನನ್ನೇ ನೋಡಿದಳು. ಆಮೇಲೆ ಬಲು ನಿಧಾನವಾಗಿ, ಮಗುವಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ, 'ನಾನು ಅಂದಿದ್ದು ಕೇಳ್ಸ್ತಾ ನಿಂಗೆ?' ಎಂದಳು.

"ಕಾಣ್ಸ್ತು."

ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೈಯ ಹಿಂದೆ ಏನು ಹೇಳಿದಳೋ ಅವನಿಗೆ ತಿಳಿಯಲಿಲ್ಲ. ಕೊರಳ ಬಟ್ಟೆ ಮಾತ್ರ ಪಟಪಟ ಅಲುಗುತ್ತಿತ್ತು. ಕೈ ಕೆಳಗಿಳಿದಾಗ ಒಂದೇ ಮಾತು: 'ಎರಡು ವರ್ಷ ಆಯ್ತು ಕಣೋ.'

ಜೋರಪ್ಪ ಬಟ್ಟಲಿನ ಕಡೆ ನೋಡಿದ. ಬ್ರೆಡ್ಡು ನೆನೆದು ಕರಗಿಹೋಗಿತ್ತು. ಈ ವಿದ್ಯೆಯಿಂದಲೇ ದಿನವೂ ಮೇಸ್ತ್ರಿಯ ಪೋಲಿ ಮಾತು ಕೇಳಿ ನಕ್ಕಿದ್ದ. ಸಂಜೆ ಅದನ್ನು ಗೇಟಿನ ಹತ್ತಿರವೇ ಬಿಟ್ಟು ಬರುತ್ತಿದ್ದ. ಹತ್ತು ಹೆಜ್ಜೆ ಆಚೆ ಹೆತ್ತವಳು ಮಾತಾಡುತ್ತಲೇ ಇದ್ದಳು. ಕತ್ತಲೆ, ದಣಿವು, ಪಾಳಿ ಎಂದು ನೆಪ ಹುಡುಕಿದ. ಯಾವುದೂ ಮನಸ್ಸಿಗೆ ಒಪ್ಪಲಿಲ್ಲ. ಅವನು ನೋಡಿರಲಿಲ್ಲ, ಅಷ್ಟೇ.

ಆಮೇಲಿನ ದಿನಗಳಲ್ಲಿ ಅಮ್ಮ ಕಟ್ಟೆ ಒಡೆದ ನೀರಿನಂತೆ ಮಾತಾಡಿದಳು. ದಿಂಬು ಗಟ್ಟಿ. ಡಾಕ್ಟರು, ಮೂಗಿಯಾದವಳು ಕಿವುಡಿಯೂ ಆಗಿದ್ದಾಳೆಂದು ತಿಳಿದು ಕಿರುಚುತ್ತಾರೆ.

'ಆ ಟೀಚರಮ್ಮ ಕೈ ಮುಗಿದು ನಿಂತಾಗೆಲ್ಲ ನಾನು ಹೇಳ್ತಿದ್ದದ್ದು ಒಂದೇ: ತಾಯೀ, ಬೆಳಕಿಗೆ ಅಡ್ಡ ನಿಂತಿದೀಯ, ಆ ಕಡೆ ಸರಿ.'

ಜೋರಪ್ಪ ಬಿದ್ದು ಬಿದ್ದು ನಕ್ಕ.

'ಅವಳಿಗೆ ಹೇಳ್ಬೇಡ್ವೋ. ಪಾಪ, ಅದರಿಂದ ಅವಳಿಗೇನೋ ಒಳ್ಳೇದಾಯ್ತಂತೆ.'

"ಹಾಗಾದ್ರೆ ಜಪ ಮಾಡ್ಲೇ ಇಲ್ವೇನಮ್ಮ?"

'ಮಾಡ್ದೆ, ನಡುನಡುವೆ. ಯಾರೂ ಕೇಳ್ದೇ ಇದ್ದಾಗ ಆ ದೇವರ ಹತ್ರಾನೇ ಹೇಳ್ಕೋಬೇಕಲ್ಲ. ಅವನೂ ನಿನ್ನ ಹಾಗೇ, ತಿರುಗಿ ಮಾತಾಡ್ತಿರ್ಲಿಲ್ಲ.'

ಮಧ್ಯಾಹ್ನ ಪದ್ಯ. ಅವಳ ತುಟಿ ಹೇಳಿದ್ದನ್ನು ಅವನು ದನಿಯಲ್ಲಿ ಹೇಳಬೇಕು. 'ಅಷ್ಟು ಕೂಗ್ಬೇಡ, ದೇವರಿಗೆ ಕಿವಿ ಚೆನ್ನಾಗೇ ಇದೆ. ಅಲ್ಲಿ ಉಸಿರು ತಗೋ. ಇಲ್ಲಿ ತಗೋಬೇಡ.' ಚಿಕ್ಕಂದಿನಲ್ಲಿ ತಲೆಗೆ ಹತ್ತದೆ ಬಿಟ್ಟಿದ್ದನ್ನೆಲ್ಲ ಐವತ್ತರ ಹತ್ತಿರ ಬಂದವನು ಒಂದೊಂದೇ ಸಾಲು ಕಲಿತ. ದನಿಯನ್ನು ಎಳೆದು ನಿಲ್ಲಿಸುವ ಜಾಗ ಬಂದಾಗ ಅಮ್ಮನ ತುಟಿ ತೆರೆದು ಹಾಗೇ ಇರುತ್ತಿತ್ತು, ಕಣ್ಣು ಮುಚ್ಚಿರುತ್ತಿತ್ತು. ಉಸಿರು ಮಾತ್ರ ಕೊರಳಿನಿಂದ ಸುಮ್ಮನೆ ಸೋರಿಹೋಗುತ್ತಿತ್ತು. ಅಲ್ಲಿ ಅವನಿಗೆ ದನಿ ಕೂಡಿಸಲಾಗುತ್ತಿರಲಿಲ್ಲ. ಅವಳು ಮುಗಿಸುವವರೆಗೆ ತಲೆ ತಗ್ಗಿಸದೆ ನೋಡುತ್ತಾ ಕಾಯುತ್ತಿದ್ದ.

"ಸಿಕ್ತು ಕಣೋ, ಆ ಒಳ್ಳೇದು," ಎಂದ ಒಂದು ದಿನ ಮೇಸ್ತ್ರಿಗೆ.

"ಎಲ್ಲಿ? ಯಾವ ಮಿಲ್ಲು?" ಎಂದು ಹಾರಿಬಿದ್ದ ಮೇಸ್ತ್ರಿ, ವಿಷಯ ಕೇಳಿ ಅವನ ಹೆಗಲ ಮೇಲೆ ಕೈಯಿಟ್ಟ. "ಮಂಚ ಎಳೆದ್ಯಲ್ಲ, ಪುಣ್ಯ," ಎಂದಷ್ಟೇ ಹೇಳಿ ಎದ್ದುಹೋದ.

ಬೇರೆ ಕೆಲಸ ಹುಡುಕಲಿಲ್ಲವೆಂದಲ್ಲ. ಕಾವಲು ಕೆಲಸಕ್ಕೆ ಅವನ ಕಿವಿ ಅಡ್ಡ ಬಂತು. ಮೂಟೆ ಹೊರಲು ವಯಸ್ಸು ಅಡ್ಡ ಬಂತು. ನಾಲ್ಕನೇ ತಿಂಗಳು ಮೇಸ್ತ್ರಿಯೇ ಕಾಗದ ಹಿಡಿದು ಬಂದ. ಒಂದು ಹಗಲು ಒಂದು ರಾತ್ರಿಯ ದಾರಿಯಾಚೆ ಒಂದು ಮಿಲ್ಲು. ಹಳೇ ಮಗ್ಗ ಬಲ್ಲವರು ಬೇಕು. ಇಬ್ಬರಿಗೂ ಜಾಗ. ಅಲ್ಲೇ ವಾಸ, ವರ್ಷಕ್ಕೆ ಎರಡು ಸಲ ರಜೆ. ಸೋಮವಾರ ಹೊರಡಬೇಕು.

ಆ ಸಂಜೆ ಅವನು ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿದ. "ನೋಡು, ತುಟಿ ಒಂದೇ ನೋಡ್ಬೇಡ, ಗಲ್ಲನೂ ನೋಡು." ಎರಡು ಪಾಳಿ ಮುಗಿಸಿ ಬಂದವಳಿಗೆ ಕಣ್ಣು ಎಳೆಯುತ್ತಿತ್ತು. ನೀರು, ಸಾಕು, ದಿಂಬು. ಅದರಾಚೆ ತಲೆಗೆ ಹತ್ತಲಿಲ್ಲ.

"ಅತ್ತೆ, ನೀವು ಹರಸ್ತಿದೀರೋ ಬೈತಿದೀರೋ ಅದೇ ಗೊತ್ತಾಗ್ತಿಲ್ಲ."

"ಎರಡೂ ಅಂತೆ," ಎಂದ ಜೋರಪ್ಪ. ಮೂವರೂ ನಕ್ಕರು. ನಗು ಮುಗಿದ ಮೇಲೆ ಅವನು, "ನಾನು ಹೋಗಲ್ಲ. ಇಲ್ಲೇ ಏನಾದ್ರೂ ನೋಡ್ತೀನಿ," ಎಂದ. ಹೆಂಡತಿ ಎದ್ದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಮ್ಮ ಬಾಯಿ ಬಿಡಲಿಲ್ಲ. ಹಾಲಿಗಷ್ಟೇ ತುಟಿ ತೆರೆಯಿತು, ಮತ್ತೆ ಮುಚ್ಚಿತು.

"ಸಿಟ್ಟೇನಮ್ಮ ನನ್ ಮೇಲೆ?" ಎಂದು ಕೇಳಿದ. ಕಿಟಕಿಯ ಕಡೆ ಮುಖ ಮಾಡಿದಳು. ಪದ್ಯ ಶುರು ಮಾಡಿ ಬೇಕೆಂದೇ ತಪ್ಪು ಹೇಳಿದ, ತಿದ್ದಲಿಲ್ಲ. ಎರಡನೇ ದಿನವೂ ಹಾಗೇ, ಮೂರನೇ ದಿನವೂ ಹಾಗೇ. ಯಾರೂ ಕೇಳದ ಎರಡು ವರ್ಷ ಒಂದು ದಿನವೂ ನಿಲ್ಲದ ತುಟಿ ಅದು.

ಶನಿವಾರ ಸಂಜೆ ಬೇಕರಿಯಿಂದ ಬಂದ ಹೆಂಡತಿಯೇ ಅತ್ತೆಯ ತಲೆ ಬಾಚಲು ಕೂತಳು. ಸ್ವಲ್ಪ ಹೊತ್ತಿಗೆ ಬಾಚಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. ಮುಖ ಹೇಗೋ ಆಗಿತ್ತು.

"ಅತ್ತೆ ಮಾತಾಡಿದ್ರು. ನನ್ ಹತ್ರ. ನಾಲ್ಕು ಸಲ ಹೇಳಿಸ್ದೆ."

"ಏನಂದ್ಲು?"

"ನಿಮಗೆ ಹೇಳ್ಬೇಡ ಅನ್ನೋ ಹಾಗೆ ಕೈ ಮಾಡಿದ್ರು." ಅವಳು ಬಾಚಣಿಗೆಯನ್ನೇ ನೋಡುತ್ತಿದ್ದಳು. "ಹೇಳ್ತೀನಿ. 'ನಿನ್ನ ಕೈ ಉಳಿಸ್ಕೋ. ಅವನು ಹೋಗ್ಲಿ' ಅಂದ್ರು."

ಜೋರಪ್ಪ ಆಗ ಅವಳ ಕೈ ನೋಡಿದ. ಬಲ ಮಣಿಕಟ್ಟಿಗೆ ಸೀರೆಯ ಅಂಚು ಹರಿದು ಬಿಗಿಯಾಗಿ ಕಟ್ಟಿದ್ದಳು. ಬಟ್ಟೆಯ ಎರಡೂ ಕಡೆ ಮಾಂಸ ಊದಿಕೊಂಡಿತ್ತು. ಮೇಲೆ ಮೊಣಕೈವರೆಗೂ ತಟ್ಟೆಯ ಅಂಚು ತಗುಲಿದ ಸುಟ್ಟ ಗೆರೆಗಳು.

"ಯಾವಾಗಿಂದ?"

"ಆಯ್ತು, ಎರಡು ತಿಂಗಳು. ಕಟ್ಕೊಂಡ್ರೆ ತಟ್ಟೆ ಎಳೀಬಹುದು."

ಅವನು ಆ ಕೈಯನ್ನು ಹಿಡಿದುಕೊಂಡ. ಈ ನಾಲ್ಕು ತಿಂಗಳು ದಿನವೂ ಸಂಜೆ ಅದೇ ಕೈ ಅವನಿಗೆ ತಟ್ಟೆ ನೀಡಿತ್ತು.

ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತ. "ಹೋಗ್ತೀನಮ್ಮ."

'ಸ್ವೆಟರ್ ಇಟ್ಕೋ,' ಎಂದಳು ಅಮ್ಮ, ಮೂರು ದಿನ ನಡುವೆ ಏನೂ ಆಗಿಲ್ಲವೆಂಬಂತೆ.

"ನಿನ್ನ ಮಾತು ಯಾರು ಕೇಳ್ತಾರೆ?"

'ಅವಳಿಗೆ ಇವತ್ತು ಸಿಕ್ತಲ್ಲ.'

"ಒಂದು ಮಾತು ಸಿಕ್ತು."

'ನಿನಗೆ ಎರಡು ವರ್ಷ ಒಂದೂ ಸಿಕ್ಕಿರ್ಲಿಲ್ಲ.'

ಅವನ ಮುಖ ಸಪ್ಪೆಯಾದದ್ದು ಕಂಡು ಅವಳೇ ಕೈ ಚಾಚಿ ಅವನ ಗಲ್ಲ ಮುಟ್ಟಿದಳು. 'ಚುಚ್ಚೋಕೆ ಹೇಳಿದ್ದಲ್ಲ ಕಣೋ. ಈ ನಾಲ್ಕು ತಿಂಗಳು ದೇವರು ಕೊಟ್ಟಿದ್ದು. ಇಲ್ದಿದ್ರೆ ಇದೂ ಇರ್ತಿರ್ಲಿಲ್ಲ.' ಕಣ್ಣಲ್ಲಿ ನೀರಿತ್ತು. ತುಟಿ ಒಂದಿಷ್ಟೂ ನಡುಗಲಿಲ್ಲ. ಅವನಿಗೆ ಸ್ಪಷ್ಟವಾಗಿ ಕಾಣಲೆಂದು ಅವಳು ಅದನ್ನು ಬಿಗಿಹಿಡಿದಿದ್ದಳು.

ಸೋಮವಾರ ಬೆಳಿಗ್ಗೆ, ಬೇಕರಿಗೆ ರಜೆ ಹೇಳಿದ್ದ ಹೆಂಡತಿ ಅತ್ತೆಯನ್ನು ಕಿಟಕಿಗೆ ಒರಗಿಸಿ ಕೂರಿಸಿ, ಪಕ್ಕದಲ್ಲಿ ನಿಂತಳು. ಜೋರಪ್ಪ ಚೀಲ ಹೆಗಲಿಗೇರಿಸಿ, ಮುಖ ಕಿಟಕಿಯ ಕಡೆಗೇ ಇಟ್ಟುಕೊಂಡು ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದ. ಬೆನ್ನು ತಿರುಗಿಸಿದರೆ ಮಾತು ಅಲ್ಲಿಗೇ ಕಡಿಯುತ್ತದೆ.

ಅಮ್ಮ ಹೇಳುತ್ತಲೇ ಇದ್ದಳು. ಒದ್ದೆ ಕಾಲುಚೀಲ ಹಾಕ್ಕೋಬೇಡ. ಬಾಗಿಲ ಬುಡದಲ್ಲಿ ಮಲಗ್ಬೇಡ. ಮೇಸ್ತ್ರಿ ಜೊತೆ ಜಗಳ ಆಡ್ಬೇಡ, ಅವನೊಬ್ಬನೇ ಅಲ್ಲಿ ನಿನ್ನವನು. ಜೋರಪ್ಪ ಒಂದೊಂದಕ್ಕೂ "ಹೂಂ" ಎನ್ನುತ್ತಾ ಹಿಂದೆ ಹಿಂದೆ ನಡೆದ. ಸೈಕಲ್ಲಿನವನೊಬ್ಬ ಗಕ್ಕನೆ ಬ್ರೇಕು ಹಾಕಿ, "ಕಣ್ಣು ಬೆನ್ನಲ್ಲಿದೆಯೇನಯ್ಯಾ?" ಎಂದು ಬೈದು ಹೋದ.

ಬೀದಿಯ ಆಚೆ ತುದಿಗೆ ಬಂದಾಗ ತುಟಿಯ ನಡಿಗೆ ಬದಲಾದದ್ದು ಕಂಡಿತು. ಮಾತು ಮುಗಿದು ಪದ್ಯ ಶುರುವಾಗಿತ್ತು. ಅವನಿಗಿನ್ನೂ ಪೂರ್ತಿ ಬಾರದ ಪದ್ಯ. ಮೊದಲ ಸಾಲು ಗೊತ್ತಿತ್ತು, ಎರಡನೆಯದೂ ಗೊತ್ತಿತ್ತು. ಮೂರನೆಯದನ್ನು ಅವನು ಕಣ್ಣು ಮಿಟುಕಿಸದೆ ನೋಡಿದ.

"ಬಸ್ಸು ಬಂತು ಕಣೋ, ಬಾ!" ಎಂದು ತಿರುವಿನಿಂದ ಓಡಿಬಂದ ಮೇಸ್ತ್ರಿ ಅವನ ತೋಳು ಹಿಡಿದು ಎಳೆದ.

"ಒಂದು ಸಾಲು. ಇನ್ನೊಂದೇ ಸಾಲು ತಡಿ."

ದನಿ ಎಳೆದು ನಿಲ್ಲಿಸುವ ಜಾಗ ಬಂತು. ಅಮ್ಮನ ತುಟಿ ತೆರೆದುಕೊಂಡಿತು, ಕಣ್ಣು ಮುಚ್ಚಿತು. ಡ್ರೈವರು ಎರಡು ಸಲ ಹಾರ್ನು ಬಾರಿಸಿದ.

ಬೆನ್ನು ತಿರುಗಿಸುವುದು ಅವಳಿಗೆ ಕಾಣದಿರಲೆಂದು, ಅವಳು ಕಣ್ಣು ತೆರೆಯುವ ಮೊದಲೇ ಜೋರಪ್ಪ ತಿರುಗಿದ.