ಬಚ್ಚಲಮನೆಯ ಕಿಟಕಿ

ನ್ಯಾಯಾಲಯದಲ್ಲಿ "ಆಮೆನ್" ಅನ್ನಬಾರದೆಂದು ನಮ್ಮ ವಕೀಲೆ ಮೊದಲೇ ಎಚ್ಚರಿಸಿದ್ದಳು. ನಮ್ಮ ಚರ್ಚಿನ ಹೆಂಗಸರಿಗೆ ಅದೇನು ಸುಲಭವೇ? ಕಿವಿಗೆ ಒಂದು ಒಳ್ಳೆಯ ಮಾತು ಬಿದ್ದರೆ ಸಾಕು, ಬಾಯಿ ತಾನಾಗಿಯೇ ತೆರೆಯುತ್ತದೆ. ಆದರೂ ಹೂಂಗುಟ್ಟಿ, ಈಸ್ಟರ್ ಹಬ್ಬಕ್ಕೆ ಹಾಕುವ ಅಗಲ ಅಂಚಿನ ಟೋಪಿಗಳನ್ನು ಹಾಕಿಕೊಂಡು, ನನ್ನ ತಂಗಿಯ ಮಗಳು ರೆನೀಶಾಳ ಹಿಂದೆ ಬೆಂಚು ತುಂಬ ಕೂತೆವು.

ಹತ್ತೊಂಬತ್ತರ ಹುಡುಗಿಯನ್ನು ಪ್ರೀತಿಯ ಮಾತಾಡಿ ಕರೆದೊಯ್ದವನು ಮೆಂಫಿಸ್ ಹೆದ್ದಾರಿಯ ಮೋಟೆಲೊಂದರಲ್ಲಿ ಕೂಡಿಹಾಕಿ ಗಂಡಸರಿಗೆ ಮಾರಿದ. ಪೊಲೀಸರು ಬಂದಾಗಲೆಲ್ಲ ಕೋಳ ಬಿದ್ದದ್ದು ಇವಳ ಕೈಗೆ. ಅವನು ಜಾಮೀನು ಕೊಟ್ಟು ಬಿಡಿಸಿ ಮತ್ತೆ ಅಲ್ಲಿಗೇ ತರುತ್ತಿದ್ದ. ಕೊನೆಗೆ ಬಚ್ಚಲಮನೆಯ ಕಿಟಕಿ ಒಡೆದು ತಪ್ಪಿಸಿಕೊಂಡಳು. ಗಾಯದ ಮೇಲೆ ಬರೆ ಎಳೆದಂತೆ ಅದಕ್ಕೂ ಒಂದು ಕೇಸು, ಆಸ್ತಿ ಹಾನಿ ಅಂತ.

ಈಗ ವೃದ್ಧಾಶ್ರಮವೊಂದು ಅವಳಿಗೆ ದಾದಿಯ ಕೆಲಸ ಕೊಡಲು ಒಪ್ಪಿತ್ತು. ಆದರೆ ಹೆಸರಿನಲ್ಲಿ ಒಂದೇ ಅಪರಾಧ ಉಳಿದರೂ ಪರವಾನಗಿ ಸಿಗುವುದಿಲ್ಲ. ಹೀಗೆ ಮಾರಾಟವಾದವರ ಕೇಸುಗಳನ್ನು ಅಳಿಸಲು ನಮ್ಮ ರಾಜ್ಯ ಮಾಡಿರುವ ಕಾನೂನನ್ನು ನಂಬಿ ಬಂದಿದ್ದೆವು.

"ವೇಶ್ಯಾವೃತ್ತಿಯ ಕೇಸುಗಳನ್ನೆಲ್ಲ ರದ್ದು ಮಾಡಿದ್ದೀನಿ," ಎಂದರು ನ್ಯಾಯಾಧೀಶರು.

"ಆಮೆನ್!" ಪಕ್ಕದ ಒಝೆಲ್ಲಾ ತಡೆಯಲಾರದೆ ಕೂಗಿಬಿಟ್ಟಳು. ತಬ್ಬಿಕೊಳ್ಳುವ ಭರದಲ್ಲಿ ನಮ್ಮ ಟೋಪಿಗಳು ಡಿಕ್ಕಿ ಹೊಡೆದವು.

"ಅಮ್ಮಾ, ಇದು ಚರ್ಚಲ್ಲ. ನಾನಿನ್ನೂ ಮುಗಿಸಿಲ್ಲ."

ಸರ್ಕಾರಿ ವಕೀಲ ಎದ್ದ. "ಕಿಟಕಿ ಕೇಸು ಉಳೀಬೇಕು ಸ್ವಾಮಿ. ಬಲವಂತಕ್ಕೆ ಮಾಡಿದ ತಪ್ಪಿಗೆ ಮಾತ್ರ ಈ ಕಾನೂನು. ಕಿಟಕಿ ಒಡಿ ಅಂತ ಇವಳಿಗೆ ಯಾರೂ ಬಲವಂತ ಮಾಡಿರ್ಲಿಲ್ಲ. ನೊಂದವರು ಇಲ್ಲೇ ಕೂತಿದ್ದಾರೆ, ಅವರನ್ನೇ ಕೇಳಿ."

ನೊಂದವರಂತೆ! ತಿರುಗಿ ನೋಡಿದರೆ ಮೋಟೆಲಿನ ಮಾಲೀಕ. ಆ ಕೋಣೆಯ ಬಾಡಿಗೆ ತಿಂದವನು, ಇವಳು ಕಿರುಚಿದಾಗ ಟಿವಿ ಜೋರು ಮಾಡಿದವನು, ಟೈ ಕಟ್ಟಿಕೊಂಡು ಆಚೆ ಬದಿಯ ಮುಂದಿನ ಸಾಲಿನಲ್ಲಿ ಕೂತಿದ್ದ. ಆ ಗಾಜು ಸೀಳಿದ ಗುರುತು ರೆನೀಶಾಳ ಮೊಣಕೈಯಲ್ಲಿ ಇಂದಿಗೂ ಇದೆ. ಇವನಿಗೆ ಎಲ್ಲಿ ನೋವಾಗಿತ್ತಂತೆ?

"ಥೂ, ಮಾನಗೆಟ್ಟವನೇ!" ಎಂದೆ, ಗಟ್ಟಿಯಾಗಿಯೇ.

"ಸುಮ್ನಿರು ದೊಡ್ಡಮ್ಮ," ಎಂದಳು ರೆನೀಶಾ.

ನ್ಯಾಯಾಧೀಶರು ಕನ್ನಡಕ ತೆಗೆದರು. "ಕಾನೂನು ಇರೋದು ಹಾಗೇನೇ. ಆದ್ರೆ ಮಾಲೀಕರು ಒಪ್ಪಿದ್ರೆ ಅದನ್ನೂ ಅಳಿಸಬಹುದು. ಅವರನ್ನೊಂದು ಕ್ಷಮೆ ಕೇಳಿಬಿಡಮ್ಮ."

ಮಾಲೀಕ ಟೈ ಸರಿಮಾಡಿಕೊಂಡ. ವಕೀಲೆ ರೆನೀಶಾಳ ತೋಳು ತಟ್ಟಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಮುಂದೆ ಬಾಗಿ, "ಕೇಳ್ಬಿಡೇ, ಒಂದ್ ಮಾತು ತಾನೆ, ಕೆಲಸ ಉಳಿಯುತ್ತೆ," ಎಂದು ಪಿಸುಗುಟ್ಟಿದೆ.

ರೆನೀಶಾ ಎದ್ದು ನಿಂತಳು.

"ನನ್ನ ಹೆಸರಲ್ಲಿರೋ ಕೇಸುಗಳಲ್ಲಿ ನಾನಾಗಿ ಮಾಡಿದ್ದು ಅದೊಂದೇ ಸ್ವಾಮಿ. ಅದಕ್ಕೆ ಕ್ಷಮೆ ಕೇಳಲ್ಲ. ಇಟ್ಕೊಳ್ಳಿ."

ನ್ಯಾಯಾಧೀಶರು ತಲೆ ತಗ್ಗಿಸಿ ಏನೋ ಬರೆದರು. ಕಿಟಕಿ ಕೇಸು ಉಳಿಯಿತು, ಕೆಲಸ ಹೋಯಿತು. ಒಝೆಲ್ಲಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು, ಪಾಪ.

ಈ ಸಲ "ಆಮೆನ್" ಎಂದವಳು ನಾನು.