ಬಾನೆಟ್ಟಿನ ಒಳಗಿನ ಏಳನೆಯ ಸಹಿ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಆ ಶೆಡ್ಡಿನ ಮುಂದೆ ಆರು ಹಳೆಯ ಪಿಕಪ್ ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದವು. ಆರಕ್ಕೂ ಮೂವತ್ತು ವರ್ಷ ದಾಟಿತ್ತು. ಆರನ್ನೂ ಕಾರ್ಖಾನೆಯವರು ಒಂದು ಟನ್ ಹೊರಲೆಂದು ಕಟ್ಟಿದ್ದರು. ಈಗಿನ ಮಾಲೀಕರ ಕೈಗೆ ಬಂದ ಮೇಲೆ ಅವು ಹೊತ್ತಿದ್ದು ಆರು ಮಡಚುವ ಕುರ್ಚಿ, ಒಂದು ಚಹಾದ ಫ್ಲಾಸ್ಕು.

ಮಾಲೀಕರು ತಮ್ಮನ್ನು 'ಬಳಗ' ಎಂದು ಕರೆದುಕೊಳ್ಳುತ್ತಿದ್ದರು. ಬಳಗದ ಹಿರಿಯ ಒಬ್ಬ ದಂತವೈದ್ಯ. ವಾರದ ಆರು ದಿನ ಜನರ ಹಲ್ಲಿನಲ್ಲಿ ತೂತು ಹುಡುಕಿ ಕೊರೆಯುವ ಈ ಮನುಷ್ಯ, ಏಳನೆಯ ದಿನ ತನ್ನ ಗಾಡಿಯ ಬಾಗಿಲನ್ನು ತುಕ್ಕು ತಿಂದು ಮಾಡಿದ ತೂತಿಗೆ ವಾರ್ನಿಷ್ ಹಚ್ಚಿ ಕಾಪಾಡುತ್ತಿದ್ದ. ಅದನ್ನು ಯಾರಾದರೂ ತುಕ್ಕು ಎಂದು ಕರೆದರೆ ಅವನಿಗೆ ಸಿಟ್ಟು ಬರುತ್ತಿತ್ತು. ಅವನ ಪ್ರಕಾರ ಅದು 'ಕ್ಯಾರೆಕ್ಟರ್'. ಅವನ ಬಲಗೈ, ತೆರಿಗೆ ಕಚೇರಿಯ ಒಬ್ಬ ಗುಮಾಸ್ತ. ಸೈಲೆನ್ಸರ್ ಕತ್ತರಿಸಿ ಗಾಡಿಗೆ ಸಿಡಿಲಿನ ಸದ್ದು ಕೂರಿಸಿಕೊಂಡಿದ್ದರಿಂದ ಬಳಗದಲ್ಲಿ ಅವನ ಹೆಸರು ಗುಡುಗು. ಕಚೇರಿಯಲ್ಲಿ ಅವನ ದನಿ ಪಕ್ಕದ ಮೇಜಿಗೂ ಕೇಳಿಸುತ್ತಿರಲಿಲ್ಲ.

ಆರನೆಯ ಗಾಡಿಯ ಮಾಲೀಕ ವಿಮಾ ಕಂಪನಿಯಲ್ಲಿ ಅಪಘಾತದ ಅರ್ಜಿಗಳನ್ನು ಪರಿಶೀಲಿಸುವ ನೌಕರ. ಅವನು ಗಾಡಿಯ ಹಿಂಭಾಗಕ್ಕೆ ಮರದ ಹಲಗೆ ಕೂರಿಸಿ ಎಂಟು ಕೋಟ್ ಪಾಲಿಶ್ ಕೊಟ್ಟಿದ್ದ. ಅದರ ಮೇಲೆ ಹತ್ತುವವರು ಚಪ್ಪಲಿ ಕೆಳಗೆ ಬಿಡಬೇಕಾಗಿತ್ತು. ಅವನ ಹೆಂಡತಿ ಪುಸ್ತಕ ಬೈಂಡ್ ಮಾಡುವ ಅಂಗಡಿ ನಡೆಸುತ್ತಿದ್ದಳು. ಆಕೆಯ ತಂದೆ ಬಸ್ ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ ಬ್ರೇಕ್ ವಿಭಾಗ ನೋಡಿಕೊಂಡು ನಿವೃತ್ತನಾದವನು. ಊರೆಲ್ಲ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿತ್ತು.

ಮೇಸ್ತ್ರಿಗೆ ಬಳಗವನ್ನು ಕಂಡರೆ ಆಗುತ್ತಿರಲಿಲ್ಲ. ದುಡಿಯುವ ಎತ್ತಿಗೆ ಕಾಲುಂಗುರ ತೊಡಿಸಿ ಮುದ್ದಾಡುವ ಜನ ಎಂದು ಕ್ಷೌರದ ಅಂಗಡಿಯಲ್ಲಿ ಹೇಳಿ ನಗಿಸುತ್ತಿದ್ದ. ಆದರೂ ಒಂದು ಭಾನುವಾರ ಮಗಳ ಒತ್ತಾಯಕ್ಕೆ ಅವಳ ಜೊತೆ ಶೆಡ್ಡಿಗೆ ಹೋದ. ಅಳಿಯನ ಗಾಡಿಯನ್ನು ನಾಲ್ಕು ಇಂಚು ಎತ್ತರಿಸುವ ಕೆಲಸ ಮುಗಿದಿತ್ತು. ಬಳಗದ ಪದ್ಧತಿಯೆಂದರೆ, ಒಂದು ಕೆಲಸ ಮುಗಿದಾಗ ಎಲ್ಲರೂ ಗಾಡಿಯನ್ನು ಸುತ್ತು ಹಾಕಿ, ಬಡಿದು, ಬಗ್ಗಿ ನೋಡಿ, ಒಪ್ಪಿಗೆಯಾದರೆ ಬಾನೆಟ್ಟಿನ ಒಳಮೈ ಮೇಲೆ ಬಿಳಿ ಬಣ್ಣದ ಪೆನ್ನಿನಿಂದ ಸಹಿ ಹಾಕುವುದು. ಆರು ಸಹಿ ಆಗಿತ್ತು.

"ಏಳನೇದು ನಿಮ್ಮದಾಗ್ಲಿ ಮೇಸ್ತ್ರಿಗಳೇ," ಎಂದ ದಂತವೈದ್ಯ. "ನೀವೂ ಒಂಥರಾ ನಮ್ಮೋರೇ."

"ಒಂಥರಾ ಅಂದ್ರೆ ಯಾವ ಥರಾ?"

"ಅಂದ್ರೆ, ನಮ್ಮದು ಪ್ರೀತಿ. ನಿಮ್ಮದು ಹೊಟ್ಟೆಪಾಡು. ಗಾಡಿ ಮಾತ್ರ ಒಂದೇ!"

ಗುಡುಗು ಗಟ್ಟಿಯಾಗಿ ನಕ್ಕ. ಅಳಿಯ ನಗಲೂ ಆಗದೆ ಬಿಡಲೂ ಆಗದೆ ಬಟ್ಟೆಯಿಂದ ಕನ್ನಡಿ ಒರೆಸತೊಡಗಿದ.

ಮೇಸ್ತ್ರಿ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಮಲಗಿದ. ಎರಡು ನಿಮಿಷದಲ್ಲಿ ಅವನಿಗೆ ಬೇಕಾದದ್ದು ಸಿಕ್ಕಿತು. ಇಂಥ ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಮೇಲಿನ ಚೌಕಟ್ಟಿಗೆ ಒಂದು ಕಡ್ಡಿ ಇರುತ್ತದೆ. ಸರಕು ಹೇರಿದಾಗ ಗಾಡಿ ಕುಗ್ಗುತ್ತದೆ. ಕುಗ್ಗಿದಾಗ ಕಡ್ಡಿ ಒಂದು ವಾಲ್ವನ್ನು ಒತ್ತುತ್ತದೆ. ಆಗ ಹಿಂದಿನ ಚಕ್ರಗಳ ಬ್ರೇಕಿಗೆ ಪೂರ್ತಿ ಶಕ್ತಿ ಹೋಗುತ್ತದೆ. ಗಾಡಿ ಖಾಲಿ ಇದ್ದರೆ ಸ್ವಲ್ಪವೇ ಹೋಗುತ್ತದೆ, ಇಲ್ಲದಿದ್ದರೆ ಹಿಂದಿನ ಚಕ್ರ ಜಾರುತ್ತದೆ. ಇವರು ಗಾಡಿಯನ್ನು ನಾಲ್ಕು ಇಂಚು ಎತ್ತಿದಾಗ ಕಡ್ಡಿ ಗಿಡ್ಡವಾಗಿತ್ತು. ಅದನ್ನು ಬಿಚ್ಚಿ, ವಾಲ್ವಿನ ಹಿಡಿಯನ್ನು ಕೆಳಗೆಳೆದು, ಖಾಲಿ ಗಾಡಿಯ ಗುರುತಿನಲ್ಲೇ ತಂತಿಯಿಂದ ಬಿಗಿದಿದ್ದರು.

"ಈ ಕಡ್ಡಿ ಯಾಕೆ ಬಿಚ್ಚಿದೀರಿ?" ಎಂದು ಕೆಳಗಿನಿಂದಲೇ ಕೇಳಿದ.

"ಅದಾ? ಉದ್ದ ಸಾಲ್ಲಿಲ್ಲ," ಎಂದ ಗುಡುಗು. "ಗಾಡಿ ಓಡೋಕೆ ಅದೇನೂ ಬೇಕಾಗಲ್ಲ. ಹತ್ತು ಕಿಲೋಮೀಟರ್ ಓಡಿಸಿ ನೋಡಿದೀವಿ. ಬ್ರೇಕು ಬೆಣ್ಣೆ ಥರಾ ಇದೆ."

ಖಾಲಿ ಓಡಿಸಿದರೆ ಇದ್ದೇ ಇರುತ್ತದೆ. ಮೇಸ್ತ್ರಿ ಮಲಗಿದಲ್ಲೇ ಒಂದು ಕ್ಷಣ ಯೋಚಿಸಿದ. ಹೇಳಿದರೆ ಐದು ನಿಮಿಷದ ಮಾತು. ಆದರೆ ಹೊಟ್ಟೆಪಾಡಿನವನು ಪ್ರೀತಿಯವರಿಗೆ ಹೇಳುವುದೇನು? ಈ ಗಾಡಿ ಇನ್ನು ಮುಂದೆ ಹೇಗೂ ಸರಕು ಹೊರುವುದಿಲ್ಲ. ಪಾಲಿಶ್ ಹಲಗೆಯ ಮೇಲೆ ಅಳಿಯ ಒಂದು ಇಟ್ಟಿಗೆಯನ್ನೂ ಇಡಗೊಡುವವನಲ್ಲ. ಮೇಸ್ತ್ರಿ ಎದ್ದು ಬೆನ್ನು ಕೊಡವಿಕೊಂಡ. ಪೆನ್ನು ಕೈಗೆ ತೆಗೆದುಕೊಂಡು ಎಲ್ಲರಿಗಿಂತ ದೊಡ್ಡದಾಗಿ ಸಹಿ ಹಾಕಿದ. ಬಳಗ ಚಪ್ಪಾಳೆ ತಟ್ಟಿತು. ಮಗಳು ಅಪ್ಪನ ಕಡೆ ನೋಡಿ ನಕ್ಕಳು. ಗಂಡನ ಹುಚ್ಚನ್ನು ಅಪ್ಪ ಕೊನೆಗೂ ಒಪ್ಪಿಕೊಂಡ ಎಂದು ಆಕೆಗೆ ಖುಷಿಯಾಗಿತ್ತು.

ಮುಂದಿನ ಮೂರು ವಾರ ಮೇಸ್ತ್ರಿಗೆ ಆ ತಂತಿಯೇ ಮನರಂಜನೆ. ಕ್ಷೌರದ ಅಂಗಡಿಯಲ್ಲಿ ಅವನು ಅದನ್ನು ಕನಿಷ್ಠ ಐದು ಸಲ ಹೇಳಿದ.

"ಆರು ಜನ ವಿದ್ಯಾವಂತರು ಬಗ್ಗಿ ನೋಡಿದಾರಪ್ಪ, ಆರು ಜನ! ಗಾಡಿ ತಾನು ಸದಾ ಖಾಲಿ ಅಂತ ನಂಬ್ಕೊಂಡಿದೆ. ಓಡಿಸೋರ ತಲೆ ಥರಾನೇ."

"ಹೇಳ್ಬಾರದಿತ್ತಾ ನೀವು?" ಎಂದು ಕ್ಷೌರಿಕ ಒಮ್ಮೆ ಕೇಳಿದ.

"ಕೇಳಿದ್ರೆ ತಾನೆ ಹೇಳೋದು. ನೀನು ಕಿವಿ ಹತ್ರ ಹುಷಾರಾಗಿ ಕತ್ತರಿ ಆಡಿಸು."

ನಾಲ್ಕನೆಯ ವಾರದ ಗುರುವಾರ ಮಗಳ ಅಂಗಡಿ ಹೊಸ ಜಾಗಕ್ಕೆ ಹೋಗುವುದಿತ್ತು. ಲಾರಿ ಗೊತ್ತು ಮಾಡಿ ಆಗಿತ್ತು. ಮುಖ್ಯ ಸರಕು ಕಾಗದ ಕತ್ತರಿಸುವ ಎರಕದ ಯಂತ್ರ. ತೂಕ ಐನೂರೈವತ್ತು ಕಿಲೋ. ಅದರ ಜೊತೆಗೆ ರಟ್ಟು, ಕಾಗದದ ಕಟ್ಟುಗಳು ಸೇರಿ ಇನ್ನೊಂದು ಮುನ್ನೂರು. ಹೊಸ ಅಂಗಡಿ ಕೆಳಗಿನ ಬಡಾವಣೆಯಲ್ಲಿ. ಅಲ್ಲಿಗೆ ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿನಲ್ಲೇ ಹೋಗಬೇಕು. ಇಳಿಜಾರು ಆರುನೂರು ಮೀಟರ್. ಅದು ಮುಗಿಯುವುದು ಬಸ್ಸುಗಳು ತಿರುಗುವ ಜಾಗದಲ್ಲಿ.

ಯಂತ್ರವನ್ನು ನೆಲಕ್ಕೆ ಬಿಗಿಯುವ ಕೆಲಸ ತನ್ನದೆಂದು ಮೇಸ್ತ್ರಿ ಸ್ಪ್ಯಾನರುಗಳ ಚೀಲ ಹೆಗಲಿಗೆ ಹಾಕಿಕೊಂಡು ಹನ್ನೊಂದು ಗಂಟೆಗೆ ಹಳೆಯ ಅಂಗಡಿಗೆ ಬಂದ. ಒಳಗೆ ಯಂತ್ರ ಇರಲಿಲ್ಲ. ಅದು ನಿಂತಿದ್ದ ಕಡೆ ನೆಲದ ಮೇಲೆ ಒಂದು ಚೌಕ ಮಾತ್ರ ಬೆಳ್ಳಗೆ ಉಳಿದಿತ್ತು. ಹಮಾಲರು ನಾಲ್ವರು ಬಾಗಿಲಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು.

"ಲಾರಿ ಆಗಲೇ ಹೋಯ್ತಾ?"

"ಲಾರಿ ಬರ್ಲೇ ಇಲ್ಲ ಯಜಮಾನ್ರೇ. ಗೇರ್‌ಬಾಕ್ಸ್ ಕೈಕೊಡ್ತಂತೆ. ನಿಮ್ಮ ಅಳಿಯಂದಿರ ಗಾಡೀಲೇ ಹೇರಿದ್ವಿ," ಎಂದ ಅವರಲ್ಲಿ ಹಿರಿಯ. "ಹೇರೋಕೆ ಅರ್ಧ ಗಂಟೆ. ಅವರು ಕಂಬಳಿ ಹಾಸೋಕೆ ಒಂದೂವರೆ ಗಂಟೆ."

ಉಳಿದ ಮೂವರು ನಕ್ಕರು. ಮೇಸ್ತ್ರಿ ನಗಲಿಲ್ಲ.

"ಹೊರಟು ಎಷ್ಟು ಹೊತ್ತಾಯ್ತು?"

"ಹತ್ತು ನಿಮಿಷ ಆಗಿರ್ಬೇಕು. ನಿಮ್ಮ ಮಗಳೇ ಓಡಿಸ್ತಿದಾರೆ. ಅಳಿಯಂದಿರು ಹಿಂದೆ ಸರಕಿನ ಜೊತೆ ಕೂತಿದಾರೆ."

ಮಗಳಿಗೆ ಫೋನ್ ಮಾಡಿದ. ಅದು ಅಂಗಡಿಯೊಳಗೆ ಅಂಟಿನ ಡಬ್ಬಿಗಳ ನಡುವೆಯೇ ಬಡಿದುಕೊಂಡಿತು. ಅಳಿಯನಿಗೆ ಮಾಡಿದ. ಎತ್ತಲಿಲ್ಲ. ಹಿರಿಯ ಹಮಾಲನ ಸ್ಕೂಟರಿನ ಹಿಂದೆ ಹತ್ತಿ, ಚೀಲ ತೊಡೆಯ ಮೇಲಿಟ್ಟುಕೊಂಡು, "ಟ್ಯಾಂಕಿನ ಹತ್ರ. ಬೇಗ," ಎಂದ.

ಬ್ರೇಕೇ ಹಿಡಿಯುವುದಿಲ್ಲ ಎಂದೇನೂ ಅಲ್ಲ. ಮುಂದಿನ ಚಕ್ರಗಳದ್ದು ಹಿಡಿಯುತ್ತದೆ. ಎಂಟುನೂರೈವತ್ತು ಕಿಲೋ ಹಿಂದಿನಿಂದ ನೂಕುವಾಗ ಅವೆರಡೇ ತಡೆಯಬೇಕು. ಇನ್ನೂರು, ಮುನ್ನೂರು ಮೀಟರ್ ತಡೆಯುತ್ತವೆ. ಆಮೇಲೆ ಬಿಸಿಯೇರುತ್ತವೆ, ಪೆಡಲ್ ಕೆಳಗಿಳಿಯತೊಡಗುತ್ತದೆ. ಇಳಿಜಾರಿನಲ್ಲಿ ಎಲ್ಲಿಗೆ ಬರುವಾಗ ಹೀಗಾಗುತ್ತದೆ ಎಂಬುದನ್ನು ಮೇಸ್ತ್ರಿ ಸ್ಕೂಟರಿನ ಮೇಲೆ ಕೂತು ಲೆಕ್ಕ ಹಾಕಿದ. ಮೂವತ್ತಾರು ವರ್ಷ ಅದೇ ಕೆಲಸ ಮಾಡಿದ್ದರಿಂದ ಲೆಕ್ಕ ತಪ್ಪುವಂತೆಯೂ ಇರಲಿಲ್ಲ.

ಗಾಡಿ ಟ್ಯಾಂಕಿನ ಪಕ್ಕದಲ್ಲಿ, ಇಳಿಜಾರು ಶುರುವಾಗುವುದಕ್ಕೆ ನಲವತ್ತು ಅಡಿ ಮೊದಲು ನಿಂತಿತ್ತು. ಹಿಂಭಾಗದಲ್ಲಿ ಅಳಿಯ ಬರಿಗಾಲಿನಲ್ಲಿ ಮಂಡಿಯೂರಿ, ಯಂತ್ರದ ಕಾಲಿನಡಿ ಜಾರಿದ್ದ ಕಂಬಳಿಯನ್ನು ಮತ್ತೆ ಸೇರಿಸುತ್ತಿದ್ದ. ದಾರಿಯಲ್ಲಿ ಅವನು ಹೀಗೆ ಕ್ಯಾಬಿನ್ನಿನ ಮೇಲೆ ಬಡಿದು ಗಾಡಿ ನಿಲ್ಲಿಸಿದ್ದು ಇದು ಏಳನೆಯ ಸಲವಂತೆ.

"ರೀ, ಸಾಕು ಬಿಡ್ರಿ," ಎಂದು ಮಗಳು ಕಿಟಕಿಯಿಂದ ಕೂಗುತ್ತಿದ್ದಳು. "ಅದೇನು ಮಗುನ ಮಲಗಿಸ್ತಿದೀರಾ?"

ಮೇಸ್ತ್ರಿ ಸ್ಕೂಟರ್ ನಿಲ್ಲುವ ಮೊದಲೇ ಇಳಿದ. ರಸ್ತೆ ಬದಿಯ ಎರಡು ಕಲ್ಲುಗಳನ್ನು ಎತ್ತಿ ತಂದು ಮುಂದಿನ ಚಕ್ರಗಳಿಗೆ ಒತ್ತಿಟ್ಟ. ಆಮೇಲೆ ಮಾತಾಡಿದ.

"ಇಂಜಿನ್ ಆರ್ಸು. ಇಳಿ ಕೆಳಗೆ."

"ಏನಾಯ್ತಪ್ಪ?"

"ಲೋಡ್ ಇದ್ರೆ ಹಿಂದಿನ ಬ್ರೇಕು ಹಿಡಿಯಲ್ಲ. ವಾಲ್ವನ್ನ ತಂತೀಲಿ ಕಟ್ಟಿಹಾಕಿದಾರೆ."

"ನಿನಗೆ ಹೇಗೆ ಗೊತ್ತಾಯ್ತು?"

ಸುಳ್ಳು ಹೇಳಲು ಜಾಗವಿತ್ತು. ಈಗ ಹೊಳೆಯಿತು ಎನ್ನಬಹುದಿತ್ತು. ದಂತವೈದ್ಯನನ್ನು ಬೈಯಬಹುದಿತ್ತು, ಬೈದರೆ ಒಂದು ಮಾತೂ ಸುಳ್ಳಾಗುತ್ತಿರಲಿಲ್ಲ. ಆದರೆ ಮಗಳು ಇಳಿದು ಬಂದು ಎದುರಿಗೇ ನಿಂತಿದ್ದಳು.

"ಅವತ್ತೇ ನೋಡಿದ್ದೆ," ಎಂದ.

"ನೋಡಿ, ಸಹಿ ಹಾಕ್ದೆ?"

"ಖಾಲಿ ಓಡ್ಸೋಕೆ ಏನೂ ತೊಂದ್ರೆ ಇರ್ಲಿಲ್ಲ. ಇವರು ಎಲ್ಲಿ ಸರಕು ಹೇರ್ತಾರೆ ಅಂತ..."

"ಇವರು ಬೇಡ ಅಂದ್ರು," ಎಂದಳು ಮಗಳು. ದನಿ ಏರಲಿಲ್ಲ. "ಬೆಳಿಗ್ಗೆ ಒಂದು ಗಂಟೆ ಜಗಳ ಆಡಿದೀವಿ. ಪಾಲಿಶ್ ಹೋಗುತ್ತೆ, ಇನ್ನೊಂದು ಲಾರಿ ನೋಡೋಣ ಅಂದ್ರು. ನಾನೇ ಬಾನೆಟ್ ಎತ್ತಿ ತೋರಿಸ್ದೆ. ಇದೇನು ಹಲ್ಲಿನ ಡಾಕ್ಟ್ರ ಸಹಿ ಅಲ್ಲ, ನಮ್ಮಪ್ಪಂದು ಅಂದೆ."

ಅಳಿಯ ಮೇಲಿನಿಂದ ಇಳಿದು ಚಪ್ಪಲಿ ಹುಡುಕುತ್ತಿದ್ದ. ಸಿಗಲಿಲ್ಲ. ಹಾಗೇ ಬಂದ.

"ನನಗೆ ಒಂದು ಮಾತು ಹೇಳ್ಬಹುದಿತ್ತಲ್ಲ ಮಾವ?"

"ಹೇಳಿದ್ರೆ ಕೇಳ್ತಿದ್ರಾ ನೀವು?"

"ಗೊತ್ತಿಲ್ಲ," ಎಂದ ಅಳಿಯ. "ನೀವು ಹೇಳ್ಲೇ ಇಲ್ವಲ್ಲ."

ಆ ಮನುಷ್ಯ ಅಷ್ಟು ಚೊಕ್ಕವಾಗಿ ಮಾತಾಡಿದ್ದನ್ನು ಮೇಸ್ತ್ರಿ ಮೊದಲು ಕೇಳಿರಲಿಲ್ಲ. ಅವನು ಚೀಲ ತೆಗೆದುಕೊಂಡು ಗಾಡಿಯ ಕೆಳಗೆ ತೂರಿದ. ಇಕ್ಕಳದಿಂದ ತಂತಿ ಕತ್ತರಿಸಿದ. ವಾಲ್ವಿನ ಹಿಡಿಯನ್ನು ಪೂರ್ತಿ ಸರಕಿನ ಗುರುತಿಗೆ ಎತ್ತಿ ಬೇರೆ ತಂತಿಯಿಂದ ಬಿಗಿದ. ಕೆಲಸ ಹನ್ನೆರಡು ನಿಮಿಷ ಹಿಡಿಯಿತು. ಮೂರು ವಾರದ ಹಿಂದೆ ಐದು ನಿಮಿಷದ ಮಾತು ಸಾಕಿತ್ತು. ಕೆಳಗೆ ಮಲಗಿದವನಿಗೆ ಮಗಳ ಕಾಲು ಮಾತ್ರ ಕಾಣುತ್ತಿತ್ತು. ಅದು ಅಲ್ಲಾಡದೆ ನಿಂತಿತ್ತು.

ಅವನು ಹೊರಗೆ ಬಂದು ಕೈ ಒರೆಸಿಕೊಂಡ. ಮಟ್ಟದ ರಸ್ತೆಯಲ್ಲೇ ಗಾಡಿಯನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ ಮೂರು ಸಲ ಬ್ರೇಕ್ ಒತ್ತಿದ. ನಾಲ್ಕೂ ಚಕ್ರ ಕಚ್ಚಿ ನಿಂತವು.

"ಈಗ ಸರಿಯಾಗಿದೆ. ನಾನು ಇಳಿಸ್ತೀನಿ, ನೀವಿಬ್ರೂ ನಡ್ಕೊಂಡು ಬನ್ನಿ."

"ಓಡ್ಸೋಳು ನಾನು," ಎಂದಳು ಮಗಳು. "ನೀನು ಪಕ್ಕದಲ್ಲಿ ಕೂತ್ಕೋ. ಇವರು ನಡ್ಕೊಂಡು ಬರ್ತಾರೆ."

ಮೊದಲ ಗೇರಿನಲ್ಲಿ ಆರುನೂರು ಮೀಟರ್ ಇಳಿಯಲು ಒಂಬತ್ತು ನಿಮಿಷ ಬೇಕಾಯಿತು. ಹಿಂದಿನ ಬಸ್ಸೊಂದು ಹಾರ್ನ್ ಮಾಡುತ್ತಲೇ ಇತ್ತು. ಮೇಸ್ತ್ರಿ ತನ್ನ ಬಲಗಾಲನ್ನು ಇಲ್ಲದ ಪೆಡಲಿನ ಮೇಲೆ ಒತ್ತಿಕೊಂಡೇ ಕೂತಿದ್ದ.

ಯಂತ್ರ ಇಳಿಯಿತು. ಮೇಸ್ತ್ರಿ ಅದನ್ನು ನೆಲಕ್ಕೆ ಬಿಗಿದ. ಕೊನೆಯ ಬೋಲ್ಟಿನ ಹೊತ್ತಿಗೆ ಹೊರಗೆ ಲೋಹ ಕೆರೆಯುವ ಸದ್ದು ಕೇಳಿಸಿತು. ಬಂದು ನೋಡಿದರೆ ಮಗಳು ಬಾನೆಟ್ ಎತ್ತಿ, ಪುಸ್ತಕದ ಅಂಚು ಸವರುವ ಚಾಕುವಿನಿಂದ ಅವನ ಸಹಿಯನ್ನು ಕೆರೆಯುತ್ತಿದ್ದಳು. ಬಣ್ಣ ಹೋಗಿ ಕೆಳಗಿನ ತಗಡು ಕಾಣುವವರೆಗೆ ಕೆರೆದಳು. ಉಳಿದ ಆರನ್ನು ಮುಟ್ಟಲಿಲ್ಲ.

"ಅವರದ್ದೂ ಕೆರಿಬಹುದಿತ್ತು," ಎಂದ ಮೇಸ್ತ್ರಿ.

"ಅವರಿಗೆ ಗೊತ್ತಿರ್ಲಿಲ್ಲಪ್ಪ," ಎಂದು ಚಾಕು ಒರೆಸಿ ಒಳಗೆ ಹೋದಳು.

ಭಾನುವಾರ ಮೇಸ್ತ್ರಿ ಯಾರೂ ಕರೆಯದೆಯೇ ಶೆಡ್ಡಿಗೆ ಹೋದ. ನಾಲ್ಕು ಇಂಚು ಉದ್ದ ಸೇರಿಸಿ ಬೆಸೆದ ಹೊಸ ಕಡ್ಡಿ ಅವನ ಚೀಲದಲ್ಲಿತ್ತು. ಬಳಗದವರನ್ನು ಸುತ್ತ ನಿಲ್ಲಿಸಿ, ಕಡ್ಡಿ ಏನು, ವಾಲ್ವು ಏನು, ತಂತಿಯಿಂದ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಿದ. ತಾನು ನೋಡಿಯೂ ಸುಮ್ಮನಿದ್ದೆ ಎಂಬುದನ್ನೂ ಹೇಳಿದ. ಆ ಭಾಗ ಬಂದಾಗ ಗುಡುಗು ಚಹಾ ಬಗ್ಗಿಸುತ್ತಿದ್ದ. ಇನ್ನಿಬ್ಬರು ಟೈರಿನ ಬಿಳಿ ಅಂಚಿನ ಬಗ್ಗೆ ವಾದಕ್ಕಿಳಿದಿದ್ದರು. ಅಳಿಯ ಒಬ್ಬನೇ ಬಗ್ಗಿ ಕೂತು ಕಡ್ಡಿಯ ಎರಡೂ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

ಮೇಸ್ತ್ರಿ ಗಾಡಿಯ ಕೆಳಗೆ ಹೋದ ಮೇಲೆ ದಂತವೈದ್ಯ ಬಾನೆಟ್ ಎತ್ತಿದ.

"ಅಯ್ಯೋ, ಇದು ಯಾರ ಕೈಕೆಲಸ?" ಎಂದು ಕೂಗಿದ. ಎಲ್ಲರೂ ಓಡಿಬಂದರು. ಕೆರೆದ ಜಾಗದಲ್ಲಿ ಮೂರು ದಿನದ ತುಕ್ಕು ಆಗಲೇ ಕೆಂಪಗೆ ಎದ್ದಿತ್ತು. ದಂತವೈದ್ಯ ಕನ್ನಡಕ ಸರಿಮಾಡಿಕೊಂಡು, ಬಾಯಿ ತೆರೆದ ರೋಗಿಯೊಳಗೆ ಇಣುಕುವಂತೆ ಇಣುಕಿದ. "ಎಂಥಾ ಕ್ಯಾರೆಕ್ಟರ್ ಬಂದಿದೆ ನೋಡಿ! ದುಡ್ಡು ಕೊಟ್ರೂ ಇಂಥದ್ದು ಬರಲ್ಲ. ಇನ್ನೊಂದು ವಾರ ಹೀಗೇ ಬಿಡಿ. ಆಮೇಲೆ ಎರಡು ಕೋಟ್ ವಾರ್ನಿಷ್."

ಅಳಿಯ ಗಾಡಿಯ ಕೆಳಗಿದ್ದ ಮಾವನ ಕಡೆ ನೋಡಿದ.

"ಹದಿನಾಲ್ಕರ ಸ್ಪ್ಯಾನರ್ ಕೊಡಿ," ಎಂದ ಮೇಸ್ತ್ರಿ.

ಮುಂದಿನ ಭಾನುವಾರ ವಾರ್ನಿಷ್ ಆಯಿತು. ಗುಡುಗು ಅದರ ಫೋಟೊ ತೆಗೆದುಕೊಂಡ.